ಹಿಂಡಬಾರದು

ಮೊದಲು ಸೀಟು, ಆಮೇಲೆ ಎಡಪಕ್ಕದ ಪ್ಯಾನೆಲ್.
ಮೂರು ಸ್ಕ್ರೂಗಳಲ್ಲಿ ಒಂದು ಸುರ್ಲಬ್ಬಿ ದಾರಿಯಲ್ಲೇ ಉದುರಿದೆ,
ಅದರ ಜಾಗಕ್ಕೆ ಬೇಲಿತಂತಿ ಸುತ್ತಿದ್ದೇನೆ.
ಮುಳ್ಳುಟೈರಿನ ಎತ್ತರದ ಗಾಡಿ, ಬಯ್ಯುವವರಿಗೆ ಕುದುರೆ.
ಪೆಟ್ಟಿಗೆಯ ಬಾಯಿ ತೆರೆದರೆ
ಒಳಗೆ ಮಾರ್ಚ್ ತಿಂಗಳು ಇಡಿಯಾಗಿ ಕೂತಿದೆ.

"ಮೊದಲು ಗಂಟಲಿಗೆ ಬಟ್ಟೆ ತುರುಕಿ ಡಾಕ್ಟ್ರೇ,"
ಮಾದಾಪುರದ ಮೊಯ್ದು ಕಾಕ ಬೆಂಚಿನಿಂದ ಏಳದೆ ಹೇಳುತ್ತಾನೆ,
"ಒಂದು ಹರಳು ಬಿದ್ದರೂ ಪಿಸ್ಟನ್ ಗೀರುತ್ತದೆ."
ನಾನು ಡಾಕ್ಟರಲ್ಲ, ಜಾನುವಾರು ಪರೀಕ್ಷಕಿ;
ಹದಿನಾಲ್ಕು ವರ್ಷ ಹೇಳಿ ಹೇಳಿ ಬಿಟ್ಟುಬಿಟ್ಟಿದ್ದೇನೆ.

ಕಳಚಿದ ಫೋಮ್ ಅಂಗೈ ತುಂಬ ಭಾರ.
ಬಂದಾಗ ಹಸಿರಿತ್ತು. ಈಗ ಯಾವ ಬಣ್ಣವೆನ್ನಲಿ?
ಮೇಲೆ ಗರ್ವಾಲೆಯ ಕೆಂಪು,
ಅದರಡಿ ರಸ್ತೆ ಅಗಲ ಮಾಡುವವರ ಜಲ್ಲಿಯ ಬೂದಿ,
ಕಾಫಿ ಕಣದ ಹೊಟ್ಟು,
ಒಂದು ಜೇನಿನ ರೆಕ್ಕೆ, ಇನ್ನೂ ಮುರಿಯದ್ದು.
ನಾನು ದಾಟಿದ ಊರುಗಳು ನನಗೇ ನೆನಪಿಲ್ಲ.
ಇದು, ಒಳಗೆ ಬಿಡದ್ದನ್ನೆಲ್ಲ ಇಟ್ಟುಕೊಂಡಿದೆ.

ಸೀಮೆಎಣ್ಣೆಯ ಬೋಗುಣಿಗೆ ಇಳಿಸಿದೆ.
ಪೆಟ್ರೋಲ್ ಬೇಡ, ಜೋಡಣೆಯ ಅಂಟು ಬಿಡುತ್ತದೆ.
ಎರಡು ಅಂಗೈ ನಡುವೆ ಇಟ್ಟು ಒತ್ತು, ಬಿಡು.
ಒತ್ತು, ಬಿಡು.
ಬಟ್ಟೆಯ ಹಾಗೆ ಹಿಂಡಬಾರದು.
ಹಿಂಡಿದರೆ ಕಣ್ಣಿಗೆ ಕಾಣದ ಹಾಗೆ ಹರಿಯುತ್ತದೆ,
ಹರಿದ ಮೇಲೂ ಚೆನ್ನಾಗಿರುವಂತೆ ನಟಿಸುತ್ತದೆ.

ಈ ಒತ್ತುವುದು, ಬಿಡುವುದು ಕೈಗೆ ಗೊತ್ತು.
ಹೋದ ಮಂಗಳವಾರ
ಪೊನ್ನವ್ವನ ಕೊಟ್ಟಿಗೆಯಲ್ಲಿ, ಹುಲ್ಲಿನ ಮೇಲೆ,
ಕರುವಿನ ಪಕ್ಕೆಲುಬಿಗೆ ಇದೇ ಅಂಗೈ.
ಹಿಂಗಾಲು ಹಿಡಿದು ತಲೆಕೆಳಗು ತೂಗಿದೆ,
ಮೂಗಿನ ಲೋಳೆ ಬೆರಳಲ್ಲಿ ಬಳಿದು ತೆಗೆದೆ,
ಹೊಳ್ಳೆಗೆ ಹುಲ್ಲುಕಡ್ಡಿ ಆಡಿಸಿದೆ, ಸೀನಲಿ ಎಂದು.
ನಾಲಗೆ ಆಗಲೇ ನೀಲಿ.
ತಾಯಿ ಮಾತ್ರ ನೆಕ್ಕುತ್ತಲೇ ಇತ್ತು.

ನಲವತ್ತು ನಿಮಿಷ ಮೊದಲು ಬಂದಿದ್ದರೆ.
ಆ ನಲವತ್ತು ನಿಮಿಷ ನಾನು
ಏರಿನ ಎರಡನೇ ತಿರುವಿನಲ್ಲಿ ಕಿಕ್ ಹೊಡೆಯುತ್ತಾ ನಿಂತಿದ್ದೆ.
ಗಾಡಿ ಕೆಮ್ಮಿತು, ಕಪ್ಪು ಹೊಗೆ ಕಾರಿತು,
ಉಸಿರಿಲ್ಲ ಎಂದು ಅಷ್ಟು ಬಿಡಿಸಿ ಹೇಳಿತು.
ನಾನು ಬೈದೆ.

ಪೊನ್ನವ್ವ ಏನೂ ಅನ್ನಲಿಲ್ಲ.
ಕೈಗೆ ಬಿಸಿನೀರು ಹೊಯ್ದಳು, ಬೆಲ್ಲದ ಕಾಫಿ ಕೊಟ್ಟಳು,
"ದಾರಿ ಕೆಟ್ಟದ್ದು" ಅಂದಳು, ನನ್ನ ಪರವಾಗಿ.
ಲೋಟ ಸುಡುತ್ತಿತ್ತು. ಕೆಳಗಿಡಲಿಲ್ಲ.

ಮೂರನೇ ನೀರು ತಿಳಿಯಾಯಿತು.
ಫೋಮನ್ನು ಆಕಾಶಕ್ಕೆ ಎತ್ತಿ ಹಿಡಿದರೆ
ಅಂಚಿನಲ್ಲೊಂದು ಚುಕ್ಕಿ ಬೆಳಕು,
ಒಳ್ಳೆಮೆಣಸಿಗಿಂತ ಸಣ್ಣದು.
ಕಾಕ ಕನ್ನಡಕ ಹಣೆಗೇರಿಸಿ ನೋಡಿದ.
"ತೊಳೆದದ್ದು ಒಳ್ಳೇದಾಯ್ತು. ಇನ್ನು ಇದು ಚೈನ್ ಒರೆಸಲಿಕ್ಕೆ."
ಹೊಸದು ಆರುನೂರ ಎಂಬತ್ತು.
ಇಲಾಖೆಯ ಬಿಲ್ಲಿನಲ್ಲಿ ಇದಕ್ಕೆ ಕಾಲಂ ಇಲ್ಲ;
ಲಸಿಕೆಗಿದೆ, ಸಿರಿಂಜಿಗಿದೆ, ಐಸಿಗೂ ಇದೆ.

ಹೊಸದಕ್ಕೆ ಎಣ್ಣೆ ಕುಡಿಸಬೇಕು.
ಕಡಂಬುಟ್ಟಿನ ಹಿಟ್ಟು ನಾದಿದ ಹಾಗೆ, ಅನ್ನುತ್ತಾನೆ ಕಾಕ,
ಅವನಿಗೆ ಎಲ್ಲವೂ ಊಟಕ್ಕೇ ಬಂದು ಮುಟ್ಟುತ್ತದೆ.
ಎಲ್ಲೂ ಒಣಗಿರಬಾರದು, ಎಲ್ಲೂ ಸೋರಬಾರದು,
ಅಂಚಿಗೆ ಒಂದು ಬೆರಳು ಗ್ರೀಸ್, ಸುತ್ತ.

ಕೂರಿಸಿದೆ, ತಂತಿ ಬಿಗಿದೆ, ಕಿಕ್ ಹೊಡೆದೆ.
ಇಲ್ಲ.
ಮತ್ತೆ. ಇಲ್ಲ.
ನನ್ನ ಎದೆ ಆ ತಿರುವಿಗೇ ಹೋಗಿ ನಿಂತಿತು.
ಕಾಕ ಬೀಡಿ ಹಚ್ಚುತ್ತಾ ಯಾರನ್ನೋ ಕೇಳುವಂತೆ ಕೇಳಿದ:
"ಬಟ್ಟೆ?"

ಎಲ್ಲ ಮತ್ತೆ ಬಿಚ್ಚಿ
ಗಂಟಲಿಂದ ನನ್ನ ಹಳೇ ಏಪ್ರನ್ನಿನ ತುಂಡು ಎಳೆದೆ.
ಅವನು ನಕ್ಕ. ನನಗೂ ತಡೆಯಲಾಗಲಿಲ್ಲ,
ಮಂಗಳವಾರದ ಮೇಲೆ ಇದೇ ಮೊದಲು.

ಸಂಜೆ ಯಾರೂ ಕರೆಯದಿದ್ದರೂ ಆ ಏರಿಗೆ ಹೋದೆ.
ಎರಡನೇ ತಿರುವನ್ನು ಗಾಡಿ ಗಮನಿಸಲೂ ಇಲ್ಲ.
ದಾಟಿ ನಿಲ್ಲಿಸಿ, ಇಂಜಿನ್ ಆರಿಸಿದೆ.
ಸ್ವಲ್ಪ ಹೊತ್ತಿಗೆ ನನ್ನದೇ ಧೂಳು
ಕೆಳಗಿನಿಂದ ನಿಧಾನ ಹತ್ತಿ ಬಂದು
ಲಸಿಕೆಯ ಪೆಟ್ಟಿಗೆಯ ಮೇಲೆ, ಹೆಗಲ ಮೇಲೆ ಕೂತಿತು.
ಕೆಮ್ಮಿದೆ.